ಸಾಬಣ್ಣ ಕಾಕಾ ಮತ್ತು ಚಂದ್ರಿಯ ಹಾಲು

ಸೂಜಿ ಹೊರಗೆ ಬಂದರೆ ಸಾಕು, ಸಾಬಣ್ಣ ಕಾಕಾ ಗಟ್ಟಿಯಾಗಿ ಕಣ್ಣು ಮುಚ್ಚಿಬಿಡುತ್ತಿದ್ದ. ಚುಚ್ಚುವುದು ಆಡಿಗೆ, ಬೆವರುವುದು ಇವನಿಗೆ. ಆದರೂ ಆಡಿನ ಕೊರಳು ಹಿಡಿದ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. "ಆತೇನ್ರಿ? ಜಲ್ದಿ ಮುಗಸ್ರಿ ತಾಯಿ, ನನಗ ಅಂಜಿಕಿ ಬರ್ತದ," ಅನ್ನುವನು. ಹಟ್ಟಿಗೆ ನುಗ್ಗಿದ ತೋಳವನ್ನು ಬರೀ ಬಡಿಗೆ ಹಿಡಿದು ಅಟ್ಟಿದ ಮನುಷ್ಯ, ನನ್ನ ಬೆರಳುದ್ದದ ಸಿರಿಂಜಿಗೆ ಈ ಪಾಡು!

ಶಹಾಪುರದ ಹೊರಗೆ, ಗೋಗಿಯ ದಾರಿಯಲ್ಲಿ ನಮ್ಮದೊಂದು ಸಣ್ಣ ಘಟಕ. ಆರು ಆಡು, ಒಂದು ಪ್ರಯೋಗದ ಕೋಣೆ, ಒಂದು ಫ್ರೀಜರ್. ಆಡಿನ ಮೈಗೆ ಒಂದು ಪ್ರೋಟೀನನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಚುಚ್ಚುತ್ತೇವೆ. ಅದನ್ನು ಗುರುತಿಸಿ ಹಿಡಿಯುವ ಪ್ರತಿಕಾಯ ಅದರ ರಕ್ತದಲ್ಲಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿ ಸಂಶೋಧಕರಿಗೆ ಕಳಿಸುತ್ತೇವೆ. ನಾನು ಯಾದಗಿರಿಯಿಂದ ದಿನಾ ಬಸ್ಸಿಗೆ ಬರುವ ಟೆಕ್ನಿಷಿಯನ್. ಆಡು ನೋಡಿಕೊಳ್ಳಲು ಗೋಗಿಯ ಕುರಿಗಾರ ಸಾಬಣ್ಣ.

"ಅದೇನ್ ಹಿಡೀತೀರಿ ಈ ರಗತದಾಗ?" ಎಂದು ಒಮ್ಮೆ ಕೇಳಿದ. ನಮ್ಮ ಮೈಯ ಜೀವಕೋಶದೊಳಗೆ ಒಂದು ಪ್ರೋಟೀನ್ ಇದೆ, ತಾನಾಗಿ ಏನೂ ಮಾಡುವುದಿಲ್ಲ, ಆದರೆ ಇನ್ನೆರಡು ಪ್ರೋಟೀನನ್ನು ಕೂಡಿಸಿ ಸುದ್ದಿ ಮುಂದೆ ಸಾಗುವಂತೆ ಮಾಡುತ್ತದೆ, ಅದು ಎಲ್ಲಿದೆ ಎಂದು ಹುಡುಕಲಿಕ್ಕೆ ಇದು ಬೇಕು ಎಂದೆ. ಕಾಕಾ ಹೋ ಎಂದು ನಕ್ಕ. "ಅಂದ್ರ ಕನ್ಯಾ ತೋರ್ಸಿ ಮದಿವಿ ಕೂಡಸೋ ಹಿರಿಯಾ ಇದ್ದಂಗ ಅನ್ರಿ! ಊಟ ಮುಗದ ಮ್ಯಾಲ ಅವನ್ನ ಯಾರೂ ಹುಡುಕಂಗಿಲ್ಲ, ನೀವು ಹುಡುಕಾಕತ್ತೀರಿ." ನಾಲ್ಕು ವರ್ಷ ಓದಿದ ನನಗೆ ಇಷ್ಟು ಚೆಂದ ಹೇಳಲಿಕ್ಕೆ ಬಂದಿರಲಿಲ್ಲ.

ಆರರಲ್ಲಿ ಐದು ಆಡಿನ ರಕ್ತ ಏನೇನೋ ಹಿಡಿದು ಪರೀಕ್ಷೆಯ ಪಟ್ಟಿಯನ್ನೆಲ್ಲ ಕಲೆ ಮಾಡುತ್ತಿತ್ತು. ಚಂದ್ರಿ ಎಂಬ ಬಿಳಿಹಣೆಯ ಆಡಿನದು ಮಾತ್ರ ನಮಗೆ ಬೇಕಾದ ಪ್ರೋಟೀನನ್ನಷ್ಟೇ ಹಿಡಿಯುತ್ತಿತ್ತು; ಒಂದೇ ಗೆರೆ, ಸ್ವಚ್ಛ. ಚಂದ್ರಿ ಈದಿದ್ದ ಮರಿ ಸತ್ತಿತ್ತು. ಕೆಚ್ಚಲು ಬಿಗಿದು ಒದ್ದಾಡದಿರಲೆಂದು ಕಾಕಾ ಬೆಳಿಗ್ಗೆ ಸಂಜೆ ಹಿಂಡುತ್ತಿದ್ದ. ಆ ಹಾಲು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲೇ ಇಲ್ಲ.

ಒಂದು ಬೆಳಿಗ್ಗೆ ಅವನು ಕೆಂಪು ಕಣ್ಣಿನಲ್ಲಿ ತಡವಾಗಿ ಬಂದ. "ಮೊಮ್ಮಗಳಿಗಿ ಮೂರ್ ದಿನ ಆತು, ಮೈ ಸುಡಾಕತ್ತದ. ಹಾಲ್ ಸುದ್ದಾ ಒಲ್ಲೆ ಅಂತಾಳ."

"ಯಾವ ಹಾಲು ಕಾಕಾ?"

"ಚಂದ್ರೀದ್ರಿ. ಮಗಳಿಗಿ ಎದಿಹಾಲು ಬತ್ಯಾವ. ನೀವು ಸೂಜಿ ಮಾಡಿ ಮಾಡಿ ಆಕೀ ಹಾಲಿಗಿ ತಾಕತ್ ಬಂದಿರ್ತದ, ಕೂಸು ಗಟ್ಟಿ ಆಗ್ತದಂತ ದಿನಾ ಒಯ್ದೇನಿ."

ಅವ್ವಾ, ಏನು ಮಾಡಿದೆ ನಾನು! ಈ ಆಡುಗಳ ಹಾಲು, ಮಾಂಸ ಯಾರೂ ಬಳಸಕೂಡದೆಂದು ನಿಯಮದ ಹಾಳೆಯಲ್ಲೇ ಇತ್ತು. ಕಾಕಾನಿಗೆ ಓದು ಬಾರದು. ಅವನು ಸೇರಿದ ದಿನ ಅದನ್ನು ಓದಿ ಹೇಳಬೇಕಾದವಳು ನಾನು. ಬಸ್ಸು ತಪ್ಪೀತೆಂದು ನಾಲ್ಕು ಸಾಲು ಓದಿ, ಹೆಬ್ಬೆಟ್ಟು ಒತ್ತಿಸಿ, "ಎಲ್ಲ ತಿಳಿಸಿದ್ದೇನೆ" ಎಂಬಲ್ಲಿ ಸಹಿ ಹಾಕಿ ಓಡಿದ್ದೆ. ಹಾಲಿನ ಸಾಲು ಐದನೆಯದು.

ಆಟೊ ಹಿಡಿದು ಗೋಗಿಗೆ ಹೋಗಿ, ಕೂಸನ್ನೂ ಅದರ ತಾಯಿಯನ್ನೂ ಕರೆದುಕೊಂಡು ಯಾದಗಿರಿಯ ದವಾಖಾನೆ ಸೇರಿದೆವು. ಆಡಿಗೆ ಏನೇನು ಚುಚ್ಚಿದ್ದೇವೆ ಎಂಬುದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡು, ಕೂಸಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕಾಕಾ ಮೆಲ್ಲಗೆ ಕೇಳಿದ: "ಖರೆ ಹೇಳ್ರಿ ತಾಯಿ. ಹಾಲಿನಾಗ ವಿಷ ಇತ್ತೇನ್ರಿ?"

"ಗೊತ್ತಿಲ್ಲ ಕಾಕಾ."

"ನನ್ನ ಕೈಯ್ಯಾರ ಕುಡಿಸೀನಲ್ರಿ," ಎಂದು ಹಣೆ ಬಡಿದುಕೊಂಡ. ನಾನು ಆಗಲೇ ಹೇಳಬೇಕಿತ್ತು, ತಪ್ಪು ನಿಮ್ಮದಲ್ಲ ಅಂತ. ನೀರು ತರುವ ನೆವದಲ್ಲಿ ಎದ್ದುಹೋದೆ. ಕೂಸು ಒಮ್ಮೊಮ್ಮೆ ಅಳುವುದನ್ನೂ ನಿಲ್ಲಿಸಿಬಿಡುತ್ತಿತ್ತು. ಆಗ ನಾವಿಬ್ಬರೂ ಎದ್ದು ಬಾಗಿಲಿಗೆ ಹೋಗಿ ಅದರ ಹೊಟ್ಟೆ ಏರಿಳಿಯುವುದನ್ನು ನೋಡಿ ಬರುತ್ತಿದ್ದೆವು. ಮೂರು ದಿನ ಹೀಗೇ ಕಳೆಯಿತು.

ನಾಲ್ಕನೆಯ ದಿನ ಜ್ವರ ಇಳಿಯಿತು. ಅದು ಊರಲ್ಲಿ ಹಬ್ಬಿದ್ದ ಡೆಂಗಿ, ಹಾಲಿನಿಂದ ಬಂದದ್ದಲ್ಲ, ಆದರೆ ಆ ಹಾಲನ್ನು ಇನ್ನು ಮುಟ್ಟಬೇಡಿ ಎಂದರು ಡಾಕ್ಟರು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಸುದ್ದಿ ಮ್ಯಾನೇಜರಿಗೆ ಮುಟ್ಟಿತ್ತು. ಮರುದಿನ ಇಬ್ಬರನ್ನೂ ಕರೆದರು. ಮೇಜಿನ ಮೇಲೆ ನನ್ನ ಸಹಿಯ ಹಾಳೆ. "ಹಾಲು ಬಳಸಬಾರದು ಅಂತ ಇವರು ನಿನಗೆ ಹೇಳಿದ್ದರೋ ಇಲ್ಲವೋ?" ಎಂದು ಕಾಕಾನನ್ನು ಕೇಳಿದರು.

ಕಾಕಾ ಹಾಳೆ ನೋಡಿದ, ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, "ಹೇಳಿದ್ರು ಸಾಹೇಬ್ರ. ಎರಡ್ ಸಲ ಹೇಳಿದ್ರು. ನಾನಾ ಕೇಳಲಿಲ್ಲ. ತಪ್ಪು ನಂದದ," ಅಂದ.

ಬಾಯಿ ತೆರೆದೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ, ಇನ್ನೆಲ್ಲಿ ಹುಡುಕಲಿ ಎಂಬ ಅಂಜಿಕೆ ಎದೆಯಲ್ಲಿ ಕೂತಿತ್ತು. ಬಾಯಿ ಮುಚ್ಚಿದೆ. ಅದೇ ದಿನ ಅವನನ್ನು ಕೆಲಸದಿಂದ ತೆಗೆದರು.

ಹೋಗುವ ಮುಂಚೆ ಚಂದ್ರಿಯ ಹಣೆ ತಿಕ್ಕಿದ. "ಗುಡುಗಿದ್ರ ಈಕಿ ಅಂಜತಾಳ, ಒಳಗ ಕಟ್ಟಸ್ರಿ," ಎಂದ. ಗೇಟಿನ ತನಕ ಹಿಂದೆ ಹಿಂದೆ ಹೋದೆ. "ಯಾಕ್ ಹಂಗ ಹೇಳಿದ್ರಿ ಕಾಕಾ?" ಎಂದೆ. "ಮೂರ್ ದಿನ ಬೆಂಚಿನ ಮ್ಯಾಲ ನಮ್ಮ ಜೋಡಿ ಕುಂತೀರಿ. ಕೂಸು ಉಳೀತು. ಇನ್ನೇನ್ರಿ," ಎಂದು ಟವೆಲು ಹೆಗಲಿಗೆ ಹಾಕಿಕೊಂಡು ನಡೆದ.

ಈಗ ಆಡು ನೋಡಿಕೊಳ್ಳಲು ಬೇರೆಯವನಿದ್ದಾನೆ. ಅವನಿಗೆ ಹಾಳೆಯ ಎಲ್ಲ ಸಾಲನ್ನೂ ಎರಡೆರಡು ಸಲ ಓದಿ ಹೇಳಿದ್ದೇನೆ. ಗೋಗಿಯ ಆಟೊ ದಿನಾ ನಮ್ಮ ಗೇಟಿನ ಮುಂದೆಯೇ ಹಾಯುತ್ತದೆ, ಒಂದು ದಿನವೂ ಹತ್ತಿಲ್ಲ. ಕಾಕಾ ಬೈದರೆ ಬೈಸಿಕೊಂಡೇನು. ಬೈಯದೆ, "ಬರ್ರಿ, ಕೂಡ್ರಿ, ಕೂಸಿನ್ನ ಎತಗೋರಿ," ಅಂದುಬಿಟ್ಟರೆ?