ಮಾತು ಕಲಿಯಲು ಸಾಲ

ನಮ್ಮ ಮನೆಯಲ್ಲಿ ಊಟಕ್ಕೆ ಕೂತ ಮೇಲೆ ಯಾರೂ ಮಾತಾಡುವುದಿಲ್ಲ. ಇದು ವ್ರತವೂ ಅಲ್ಲ, ಜಗಳವೂ ಅಲ್ಲ. ಬಾಗಲಕೋಟೆಯಲ್ಲಿ ನಮ್ಮಪ್ಪ ಹಾಕಿದ ಪದ್ಧತಿ. ಪುಣೆಗೆ ಬರುವಾಗ ಟ್ರಂಕಿನ ಜೊತೆ ಅದನ್ನೂ ತಂದೆ. ಕೈ ತೊಳೆಯುವತನಕ ಎಲ್ಲ ವ್ಯವಹಾರ ಸನ್ನೆಯಲ್ಲೇ. ಮುಷ್ಟಿ ತೋರಿಸಿದರೆ ಅನ್ನ, ಬೆರಳ ತುದಿ ತಿಕ್ಕಿದರೆ ಉಪ್ಪು, ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ 'ಸಾಕು' ಎಂದರ್ಥ. ಈ ಕೊನೆಯ ಸನ್ನೆಗೆ ಮೇಲ್ಮನವಿ ಇಲ್ಲ. ಸೌಟಿನಲ್ಲಿ ಶ್ರೀಖಂಡವೇ ಇರಲಿ, ಬಡಿಸುವ ಕೈ ಅಲ್ಲೇ ನಿಲ್ಲಬೇಕು.

ನಾನು ಪಿಂಪರಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವ. ಪಾಳಿ ಶುರುವಾಗುವ ಭೋಂಗಾ ಕೂಗಿದ ಮೇಲೆ ಬಂದವರು ಎಷ್ಟು ಚಂದದ ಕಾರಣ ಹೇಳಿದರೂ ಅವರ ಹಾಜರಿ ಕಾರ್ಡು ಸುಮ್ಮನಿರುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ. ಹೀಗೆ ಮನೆಯಲ್ಲೂ ಕೆಲಸದಲ್ಲೂ ಮಾತಿಗೆ ಬೆಲೆ ಕೊಡದೆ ಬದುಕಿದವನ ಒಬ್ಬಳೇ ಮಗಳು ವೈಜು, ಹೊಸ ಶತಮಾನ ಶುರುವಾದ ಹೊಸತರಲ್ಲಿ, ಬಿ.ಎ. ಮುಗಿಸಿದ ಕೂಡಲೇ, ಸಂವಹನದ ಪದವಿ ಓದುತ್ತೇನೆ ಅಂದಳು. ಹೇಳಿದ್ದು ಕೈ ತೊಳೆದ ಮೇಲೆ ಎಂಬುದನ್ನು ಆಕೆಯ ಪರವಾಗಿ ಇಲ್ಲಿ ಹೇಳಲೇಬೇಕು.

"ಸಂವಹನ ಅಂದ್ರೇನು?" ಎಂದೆ.

"ಹೇಳೂದನ್ನ ಎದುರಿನವರಿಗೆ ಮುಟ್ಟಿಸೂದು, ಅಪ್ಪಾ."

"ಅದಕ್ಕ ಅಂಚೆ ಇಲಾಖೆ ಅದ."

ಶುಲ್ಕ ಕೇಳಿದ ಮೇಲೆ ನನಗೆ ತಮಾಷೆ ಮಾಡುವ ಉಮೇದು ಉಳಿಯಲಿಲ್ಲ. ಅದು ನನ್ನ ವರ್ಷದ ಪಗಾರಕ್ಕಿಂತ ಜಾಸ್ತಿ ಇತ್ತು. ನಿವೃತ್ತಿ ಹೊಸ್ತಿಲಲ್ಲಿ ನಿಂತಿತ್ತು. ಇದ್ದ ಫಂಡನ್ನು ಕಾತ್ರಜದ ಕಡೆ ಕಟ್ಟಿಸಿದ ಪುಟ್ಟ ಮನೆ ಆಗಲೇ ನುಂಗಿತ್ತು. ಬ್ಯಾಂಕಿನ ಸಾಲ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ.

ನೋಡಿ, ಈ ಊರಿನಲ್ಲಿ ಸಂವಹನಕ್ಕೆ ಬರವಿಲ್ಲ. ಪೇಠೆಯ ಹಳೇ ಮನೆಗಳ ಬಾಗಿಲಿಗೆ ತೂಗುವ ಹಲಗೆಗಳನ್ನು ಓದಿದವರಿಗೆ ಗೊತ್ತು: ಗಂಟೆ ಒಂದೇ ಸಲ ಒತ್ತಿ, ಮಧ್ಯಾಹ್ನ ಒತ್ತಲೇಬೇಡಿ, ಪಕ್ಕದ ಮನೆಯ ವಿಳಾಸ ನಮ್ಮನ್ನು ಕೇಳಬೇಡಿ. ಹೇಳಬೇಕಾದ್ದು ಮುಟ್ಟುತ್ತದೆ, ಕೆಲವೊಮ್ಮೆ ಚುಚ್ಚುತ್ತದೆ ಕೂಡ. ಅವರಾರೂ ಸಂವಹನದ ಪದವಿ ಪಡೆದವರಲ್ಲ. ಇನ್ನು ನಮ್ಮ ಹಿರಿಯರು ಮಾತು ಬೆಳ್ಳಿ, ಮೌನ ಬಂಗಾರ ಎಂದಿದ್ದಾರೆ. ಬ್ಯಾಂಕುಗಳು ಬಂಗಾರದ ಮೇಲೆ ಸಾಲ ಕೊಡುವುದನ್ನು ನಾನು ಕೇಳಿದ್ದೆ. ಮನೆತುಂಬ ಬಂಗಾರ ಇಟ್ಟುಕೊಂಡು, ಬೆಳ್ಳಿಗಾಗಿ ಸಾಲ ಮಾಡುವವರನ್ನು ಕೇಳಿರಲಿಲ್ಲ.

ಆದರೂ ತೂಗಿ ನೋಡದೆ ಬೇಡ ಅನ್ನುವುದು ನನ್ನ ಪದ್ಧತಿಯಲ್ಲ. ಅದೇ ಪದವಿ ಪಡೆದು ಜಾಹೀರಾತಿನ ಕಚೇರಿಯೊಂದಕ್ಕೆ ಸೇರಿದ್ದ ದೂರದ ನೆಂಟರ ಹುಡುಗನನ್ನು ಹುಡುಕಿಕೊಂಡು ಹೋದೆ. ಪಗಾರ ಎಷ್ಟಪ್ಪಾ ಎಂದು ನೆಟ್ಟಗೆ ಕೇಳಿದೆ.

"ಸದ್ಯಕ್ಕ ಅನುಭವ ಕೊಡ್ತಾರ್ರಿ," ಎಂದ.

ಚಹಾದ ದುಡ್ಡು ನಾನೇ ಕೊಟ್ಟೆ.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, "ನೀವು ನನ್ನ ನೋಡ್ಲಿಕ್ಕೆ ಬಂದಾಗ ನಮ್ಮಪ್ಪ ನಿಮ್ಮ ಪಗಾರ ಹಿಂಗ ತೂಗಿದ್ದರ, ನಾ ಇವತ್ತು ಇಲ್ಲಿ ಕೂತು ಹಳ್ಳು ಆರಸ್ತಿದ್ದಿಲ್ರಿ," ಅಂದಳು. ಮಾರನೆಯ ದಿನವೇ ಸಾಲದ ಅರ್ಜಿ ತಂದೆ.

ಶಿವಾಜಿನಗರದ ಬ್ಯಾಂಕಿನಲ್ಲಿ ಸಾಲದ ಅಧಿಕಾರಿ ಕನ್ನಡಕವನ್ನು ಮೂಗಿನ ತುದಿಗಿಟ್ಟ ಒಬ್ಬ ಮರಾಠಿ ಹೆಣ್ಣುಮಗಳು. ಅರ್ಜಿಯನ್ನು ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಓದು ಮುಗಿದ ಮೇಲೆ ಗಳಿಕೆ ಹೇಗಿದ್ದೀತು ಕಾಕಾ ಎಂದು ಕೇಳಿದರು. ಬುದ್ಧಿವಂತ ತಂದೆ ಇಂಥಲ್ಲಿ 'ಚೆನ್ನಾಗಿರುತ್ತದೆ' ಎಂದು ಹೇಳಿ ಸಹಿ ಹಾಕುತ್ತಾನೆ. ಆದರೆ ಜೀವಮಾನವೆಲ್ಲ ಒಬ್ಬರ ಹಾಜರಿಯನ್ನೂ ತಿದ್ದದೆ ಬಂದ ನಾಲಿಗೆ ನನ್ನದು. ಅನುಭವವನ್ನೇ ಪಗಾರವಾಗಿ ಪಡೆಯುವ ಹುಡುಗನಿಂದ ಶುರುಮಾಡಿದೆ. ಪತ್ರಿಕೆಗಳಲ್ಲಿ ಪಗಾರ ತಡವಾಗುವ ಸಂಗತಿಗೆ ಬಂದೆ. ಈ ಓದು ಓದಿದವರು ಕೊನೆಗೆ ಬೇರೆ ಏನೋ ಕೆಲಸ ಮಾಡುತ್ತಾರೆ ಎಂಬುದನ್ನೂ ಸೇರಿಸಿದೆ. ಅಧಿಕಾರಿ ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿದರು. ನಾನು ಬಡ್ಡಿಯ ಕಡೆಗೆ ಹೊರಳುತ್ತಿದ್ದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವೈಜುವಿನ ಮುಖ ಬಿಳಿಚಿತ್ತು. ಹಿರಿಯರ ಮಾತನ್ನು ನಡುವೆ ಕತ್ತರಿಸುವುದು ನಮ್ಮಲ್ಲಿ ಇಲ್ಲ, ಆಕೆ ಕತ್ತರಿಸಲಿಲ್ಲ. ಮೇಜಿನ ಮೇಲಿದ್ದ ನನ್ನ ಅರ್ಜಿಗೆ ಅಂಗೈ ಅಡ್ಡ ಹಿಡಿದಳು.

ನಾನು ಮಾತು ಅಲ್ಲೇ ನಿಲ್ಲಿಸಿಬಿಟ್ಟೆ. ವಾಕ್ಯ ಅರ್ಧ ಬಾಯಲ್ಲಿತ್ತು, ಬಾಯಿ ಅರ್ಧ ತೆರೆದಿತ್ತು.

ಏನಾಯಿತು ಕಾಕಾ, ನೀರು ಬೇಕೇ ಎಂದು ಅಧಿಕಾರಿ ಗಾಬರಿಯಾದರು. ಕೈ ಇನ್ನೂ ಅಡ್ಡ ಇದ್ದುದರಿಂದ ನಾನು ಉತ್ತರಿಸುವಂತಿರಲಿಲ್ಲ. ವೈಜುವೇ ಮರಾಠಿಯಲ್ಲಿ ನಮ್ಮ ಊಟದ ಪದ್ಧತಿಯನ್ನು ಹೇಳಿದಳು. ಆಮೇಲೆ ಹೇಳಿದ್ದನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಅಪ್ಪ ಹೇಳಿದ್ದೆಲ್ಲ ಖರೆ. ಮೊದಮೊದಲು ಗಳಿಕಿ ಕಡಿಮಿ. ಆದರ ಈ ಸಾಲ ತೀರೂತನಕ ಅಪ್ಪಗ ನಿದ್ದಿ ಬರೂದಿಲ್ಲ. ಅವರು ಮಲಗಲಿ ಅಂತಾದ್ರೂ ನಾ ತೀರಸ್ತೀನಿ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಈ ಕುರ್ಚಿಯಲ್ಲಿ ಕೂತು ಎಷ್ಟೋ ತಂದೆಯಂದಿರ ಮಾತು ಕೇಳಿದ್ದೇನೆ, ನಡುವೆ ನಿಂತದ್ದು ನಿಮ್ಮದೊಂದೇ ಎಂದರು. ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

ಓದು ಮುಗಿಸಿದ ವೈಜುವಿಗೂ ಮೊದಲು ಸಿಕ್ಕಿದ್ದು ಅನುಭವವೇ. ಆಮೇಲೆ ರೇಡಿಯೋ ಕೇಂದ್ರವೊಂದಕ್ಕೆ ಜಾಹೀರಾತು ಬರೆಯತೊಡಗಿದಳು. ಹಾಡು ಕೇಳಲು ಕೂತವರಿಗೆ ಫಿನಾಯಿಲ್ ಬೇಕು ಅನ್ನಿಸುವ ಕೆಲಸ. ಪಗಾರ ನಮ್ಮ ಕಾರ್ಖಾನೆಯ ಒಳ್ಳೇ ಫಿಟ್ಟರನಷ್ಟು. ಆದರೆ ಕಂತು ಒಂದೂ ತಪ್ಪಲಿಲ್ಲ, ನಾನೂ ನಡುನಡುವೆ ಮಲಗಿದೆ.

ಕೊನೆಯ ಕಂತು ಕಟ್ಟಿ ಬಂದ ದಿನ ಹೆಂಡತಿ ಹೋಳಿಗೆ ಮಾಡಿದ್ದಳು. ನನ್ನ ತಲೆಯಲ್ಲಿ ಅಸಲು, ಬಡ್ಡಿ, ಗಳಿಕೆ ಎಲ್ಲ ಕೂಡಿ ಕಳೆದು ಸಿದ್ಧವಾಗಿತ್ತು. ಜನ್ಮದಲ್ಲಿ ಮೊದಲ ಸಲ ತಾಟಿನ ಮುಂದೆ ಮಾತಿಗೆ ಬಾಯಿ ತೆರೆದೆ: "ವೈಜು, ಒಟ್ಟು ಲೆಕ್ಕ ತೂಗಿ ನೋಡಿದರ…"

ವೈಜು ಕಾವಲಿಯಿಂದ ಆಗಷ್ಟೇ ಇಳಿದ ಹೋಳಿಗೆಯೊಂದನ್ನು ಹಿಡಿದು ನನ್ನತ್ತ ಬಂದಳು. ನಾನು ಅಂಗೈ ಅಡ್ಡ ಹಿಡಿದೆ. ಮೇಲ್ಮನವಿ ಇಲ್ಲದ ಆ ಕೈಯ ಮೇಲೆಯೇ ಆಕೆ ಹೋಳಿಗೆ ಇಟ್ಟಳು. ಬಿಸಿ ತಗುಲಿ ಕೈ ಹಿಂದೆಳೆದೆ. ಹೋಳಿಗೆ ತಾಟಿಗೆ ಬಿತ್ತು. ಮೇಲೆ ತುಪ್ಪ ಸುರಿದು, ಒಂದು ಮಾತೂ ಆಡದೆ, ಆಕೆ ತನ್ನ ಮಣೆಗೆ ಹೋಗಿ ಕೂತಳು.

ಇಷ್ಟು ಮುಟ್ಟಿಸುವುದು ಅಂಚೆ ಇಲಾಖೆಯಿಂದ ಆಗುತ್ತಿರಲಿಲ್ಲ.