ಅಕ್ಕನ ಡಿಸೆಂಟ್ರಿ

ಆಗೆಲ್ಲ ಕೊಟ್ಟಿಗೆಹಾರದ ಹತ್ತಿರ ನಮ್ಮ ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಕಾಯಿಲೆಗಳಿಗೆ ಹೆಸರಿರಲಿಲ್ಲ. ಹೊಟ್ಟೆ ಕೆಟ್ಟಿತು, ಮೈ ಬಿಸಿಯಾಯಿತು, ಅಷ್ಟೇ. ಅಂಥದ್ದರಲ್ಲಿ ಒಂದು ಕಾಫಿ ಕೊಯ್ಲಿನಲ್ಲಿ ನನ್ನ ಅಕ್ಕ ಗಿರಿಜೆಗೆ ಇಂಗ್ಲಿಷ್ ಹೆಸರಿನ ಕಾಯಿಲೆಯೇ ಬಂತು. ಎಸ್ಟೇಟಿನ ಕಾಂಪೌಂಡರು ಅವಳ ಹೊಟ್ಟೆ ಒತ್ತಿ ನೋಡಿ ಅವ್ವನಿಗೆ, "ಇದು ಡಿಸೆಂಟ್ರಿ ಕಣಮ್ಮ, ಮಗು ಪಕ್ಕದಲ್ಲೇ ಇರು" ಅಂದರು.

ಜ್ವರ ಬಂದರೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಲಿಗೆ ಹೋಗುತ್ತಿದ್ದ ನಮ್ಮವ್ವ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಕೂವೆ ಹಿಟ್ಟಿನ ಗಂಜಿಗೆ ಸಕ್ಕರೆ ಹಾಕಿ ಅಕ್ಕನಿಗೆ ಕುಡಿಸುವಳು, ತಲೆ ನೇವರಿಸುವಳು. ನನಗೆ ತಂಗಳನ್ನ. ಅಕ್ಕನೋ, ನೋಡಲು ಬಂದವರಿಗೆಲ್ಲ ತನಗೆ ಡಿಸೆಂಟ್ರಿ ಎಂದು ಹೊಸ ಲಂಗ ತೋರಿಸುವ ಹಾಗೆ ಹೇಳುತ್ತಿದ್ದಳು.

ನನಗೂ ಅದು ಬೇಕಿತ್ತು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಸಿಪ್ಪೆ ರಾಶಿ ಬಿದ್ದು ಹುಳಿ ವಾಸನೆ ಹೊಡೆಯುತ್ತಿತ್ತು. ಗಿಡದ ಹಣ್ಣು ಚೀಪುವುದು ನಮಗೆಲ್ಲ ಅಭ್ಯಾಸ, ಆ ಸಿಪ್ಪೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಾನು ಬಾಚಿ ಬಾಚಿ ತಿಂದೆ. ಸಂಜೆಯೊಳಗೆ ಹೊಟ್ಟೆ ಕಿತ್ತುಕೊಂಡಿತು. ಗೆದ್ದೆ ಎಂದುಕೊಂಡು ಅಕ್ಕನ ಪಕ್ಕ ಚಾಪೆ ಹಾಸಿ, "ಅವ್ವ, ನಂಗೂ ಡಿಸೆಂಟ್ರಿ" ಅಂದೆ.

ಅವ್ವ ನನ್ನ ಬಾಯಿ ಮೂಸಿ ನೋಡಿದಳು. "ಸಿಪ್ಪೆ ತಿಂದ್ಯೇನೇ? ಅದಕ್ಕೆ ಇಂಗ್ಲಿಷಲ್ಲಿ ಹೆಸರಿಲ್ಲ. ನಾಳೆ ನನ್ ಚೀಲ ಕಟ್ಕಂಡು ಅಪ್ಪನ ಜೊತೆ ಹೋಗು."

ಅಕ್ಕ ಕಂಬಳಿಯೊಳಗೆ ನಕ್ಕಳು. ಮಾರನೆ ದಿನ ನಾನು ಹೊಟ್ಟೆ ಹಿಡಿದುಕೊಂಡೇ ಹಣ್ಣು ಕುಯ್ದೆ. ಬಂದು ನೋಡಿದರೆ ಅವ್ವ ಅವಳನ್ನು ತಬ್ಬಿಕೊಂಡು ಮಲಗಿದ್ದಳು.

ಈಗ ಚಿಕ್ಕಮಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಉಂಡದ್ದು ಅರಗದಿದ್ದರೆ ಡಿಸ್ಪೆಪ್ಸಿಯಾ, ನುಂಗಲು ಕಷ್ಟವಾದರೆ ಡಿಸ್ಫೇಜಿಯಾ, ಮೆಟ್ಟಿಲು ಹತ್ತಿ ಏದುಸಿರು ಬಂದರೆ ಡಿಸ್ಪ್ನಿಯಾ ಅನ್ನುತ್ತಾರೆ ಡಾಕ್ಟರು. ಈ ಡಿಸ್ ಅನ್ನುವುದು ಗ್ರೀಕರ ಮಾತಂತೆ, ಕೆಟ್ಟದ್ದು ಅಂತ ಅರ್ಥವಂತೆ. ನರ್ಸಿಂಗ್ ಓದುವ ಮೊಮ್ಮಗಳು ಹೇಳಿದಳು, ನಾನು ಬಾಯಿಪಾಠ ಮಾಡಿಕೊಂಡೆ. ಕೆಟ್ಟದ್ದಾದರೇನು, ಅಕ್ಕನಿಗೆ ಒಂದಿತ್ತು, ನನಗೆ ಮೂರಿವೆ.

ಸಂಸೆಯಲ್ಲಿರುವ ಅಕ್ಕನಿಗೆ ಫೋನು ಮಾಡಿ ಮೂರನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇರ್ಲಿ ಮಾರಾಯ್ತಿ, ನಿನ್ ಹತ್ರ ಯಾರು ಕೂತಿದಾರೆ?" ಅಂದಳು.

ಫೋನು ಇಟ್ಟೆ. ಕೂವೆ ಗಂಜಿ ಈಗ ನನಗೂ ಸಿಗುತ್ತದೆ, ಸಕ್ಕರೆ ಇಲ್ಲದೆ. ಕೊಯ್ಲು ಬಿಟ್ಟು ಕೂರುವ ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಅವಳು ಕೂತದ್ದು ಅಕ್ಕನ ಹತ್ತಿರ.