ಎಂಟರ್ ಒತ್ತಬೇಡ್ರಿ, ಮಾಸ್ತರ್ರ

ಸ್ಪೇಸ್‌ಬಾರ್ ಒತ್ತಿ ಒತ್ತಿ ತಲೆಬರಹವನ್ನು ಹಾಳೆಯ ನಡುವೆ ತಂದು ನಿಲ್ಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಂಟ್ರೋಲ್ ಹಿಡಿದು ಇ ಒತ್ತಿದರೆ ಮುಗಿಯಿತು, ತಲೆಬರಹ ತಾನಾಗಿ ಹೋಗಿ ನಡುವೆ ಕೂರುತ್ತದೆ. ಆದರೂ ಜನ ಟಕಟಕ ಒತ್ತುತ್ತಾರೆ, ಆಮೇಲೆ ಒಂದು ಶಬ್ದ ಸೇರಿಸುತ್ತಾರೆ, ಸಾಲು ವಾಲಿತೆಂದು ಮತ್ತೆ ಟಕಟಕ. ಹುಮನಾಬಾದಿನಲ್ಲಿ ಸರಕಾರಿ ಕಚೇರಿಯೊಂದರ ಪಕ್ಕಕ್ಕೆ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮತ್ತು ತಾಳ್ಮೆ ಎಂಬುದೇ ಇಲ್ಲದ ನಾನು. ಬಂದವರು ಚಹಾ ಹೇಳಿದರೆ, ಅದು ಬರುವುದರೊಳಗೆ ಅರ್ಜಿ ಅವರ ಕೈಯಲ್ಲಿರಬೇಕು. ಇದು ನನ್ನ ಹಮ್ಮು.

ನನಗೆ ಟೈಪಿಂಗ್ ಕಲಿಸಿದ ಮಾಸ್ತರು ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದರು. ಮೊದಲು ಬಸವಕಲ್ಯಾಣದಲ್ಲಿ ಅವರದೇ ಟೈಪಿಂಗ್ ಕ್ಲಾಸು ಇತ್ತು. ಕಂಪ್ಯೂಟರು ಬಂದು ಕ್ಲಾಸು ಖಾಲಿಯಾದಾಗ ಎಲ್ಲ ಮಷಿನ್ ಮಾರಿ, ಒಂದನ್ನು ಮಾತ್ರ ಉಳಿಸಿಕೊಂಡು ಇಲ್ಲಿಗೆ ಬಂದು ಅರ್ಜಿ ಬರೆಯಲು ಕೂತರು. ನಾವಿಬ್ಬರೂ ಇಂದಿಗೂ ಬಸವಕಲ್ಯಾಣದವರೇ. ಬೆಳಿಗ್ಗೆ ಒಂದೇ ಬಸ್ಸಿಗೆ ಬರುತ್ತೇವೆ, ಸಂಜೆ ಒಂದೇ ಬಸ್ಸಿಗೆ ಹೋಗುತ್ತೇವೆ. ಅವರ ಗಿರಾಕಿ ನನಗೆ ಬೇಡ, ನನ್ನ ಗಿರಾಕಿ ಅವರಿಗೆ ಬೇಡ ಎಂಬ ಒಪ್ಪಂದ ಬಾಯಿಬಿಟ್ಟು ಹೇಳದೆಯೇ ನಡೆದುಕೊಂಡು ಬಂದಿತ್ತು.

ಒಂದು ದಿನ ಕಚೇರಿಯ ಗೋಡೆಗೆ ಸೂಚನೆ ಅಂಟಿಸಿದರು. ಮುಂದಿನ ತಿಂಗಳಿಂದ ಅರ್ಜಿಗಳು ಹೊಸ ನಮೂನೆಯಲ್ಲಿ, ಕಂಪ್ಯೂಟರ್ ಪ್ರಿಂಟಿನಲ್ಲಿಯೇ ಇರಬೇಕು. ಮಾಸ್ತರು ಅದನ್ನು ಎರಡು ಸಲ ಓದಿದರು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕಿಟಕಿಯಾಚೆ ನೋಡುತ್ತಲೇ ಕೇಳಿದರು.

"ಬೇಟಿ, ಒಂದು ತಿಂಗಳದಾಗ ನನಗ ಕಂಪ್ಯೂಟರ್ ಬರ್ತದೇನು?"

"ಯಾಕ ಬರಂಗಿಲ್ರಿ? ನನಗ ಕಲಿಸಿದವರು ನೀವು."

"ಬರಲಿಲ್ಲಂದ್ರ ಮೇಜು ಎತ್ತಬೇಕಾಗ್ತದ. ಮನ್ಯಾಗ ಸುಮ್ನ ಕುಂದ್ರೋ ಆದತ್ ನನಗಿಲ್ಲ. ಹುಚ್ಚ ಹಿಡೀತದ."

ಮಾಸ್ತರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲ ಸಲ. ನನಗೆ ಸಂಕಟವಾಯಿತು, ಜೊತೆಗೆ ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತೆಂದು ಒಪ್ಪಿಕೊಳ್ಳಲೇಬೇಕು. ಒಂದು ತಪ್ಪು ಬಿದ್ದರೆ ಇಡೀ ಹಾಳೆ ಹರಿದು ಹೊಸದಾಗಿ ಹೊಡೆಸುತ್ತಿದ್ದವರು ಈಗ ನನ್ನ ಶಿಷ್ಯರು!

ಮರುದಿನದಿಂದಲೇ ಬಸ್ಸಿನಲ್ಲಿ ಪಾಠ. ನನ್ನ ಹಳೆಯ ಲ್ಯಾಪ್‌ಟಾಪು ಅವರ ತೊಡೆಯ ಮೇಲೆ. ಕಬ್ಬಿನ ಹಂಗಾಮು ನಡೆದಿತ್ತು. ಹಳ್ಳಿಖೇಡದ ಸಕ್ಕರೆ ಫ್ಯಾಕ್ಟರಿಗೆ ಹೊರಟ ಟ್ರಾಕ್ಟರುಗಳು ದಾರಿ ಬಿಡದೆ ಬಸ್ಸು ತೆವಳುತ್ತಿತ್ತು, ಅದು ನಮಗೆ ಒಳ್ಳೆಯದೇ ಆಯಿತು. ಮೊದಲ ದಿನವೇ ತೊಡಕು ಗೊತ್ತಾಯಿತು. ಮಾಸ್ತರು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತಿದ್ದರು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಹೊತ್ತಿಗೆ ಟಿಣ್ ಎಂದು ಗಂಟೆ ಹೊಡೆಯುತ್ತದೆ, ಆಗ ಹಾಳೆ ಹಿಡಿದಿರುವ ಗಾಡಿಯನ್ನು ಎಡಗೈಯಿಂದ ತಳ್ಳಿ ಹೊಸ ಸಾಲಿಗೆ ತರಬೇಕು. ಇಲ್ಲಿ ಗಂಟೆಯಿಲ್ಲ, ಆದರೂ ಅವರ ಎಡಗೈ ಎದ್ದು ಗಾಳಿಯಲ್ಲಿ ಏನನ್ನೋ ತಳ್ಳಿ, ಆಮೇಲೆ ನೆನಪಾಗಿ ಎಂಟರ್ ಒತ್ತುತ್ತಿತ್ತು. ಮುಂದಿನ ಸೀಟಿನವರ ತಲೆಗೆ ಎರಡು ಸಲ ತಾಗಿತು ಕೂಡ. ಆಮೇಲೆ ನಡುವೆ ಒಂದು ಶಬ್ದ ಸೇರಿಸಿದರೆ ಸಾಲುಗಳೆಲ್ಲ ಮುರಿದು ಚೆಲ್ಲಾಪಿಲ್ಲಿ.

"ಎಂಟರ್ ಒತ್ತಬೇಡ್ರಿ, ಮಾಸ್ತರ್ರ. ಸಾಲು ತಾನ ತಿರುಗ್ತದ. ಹೊಸ ವಿಷಯ ಬಂದಾಗ ಅಷ್ಟ ಒತ್ರಿ."

"ಸಾಲು ಎಲ್ಲಿ ಮುಗೀತು ಅಂತ ನನಗ ಹ್ಯಾಂಗ ತಿಳೀಬೇಕು?"

"ತಿಳಿಯೋದ ಬ್ಯಾಡ್ರಿ!"

"ಅದೆಂಥಾ ಕೆಲಸ," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಸುರಿದೆ. ಹೊಸ ಹಾಳೆಗೆ ಹೋಗಲು ಎಂಟರ್ ಮೇಲೆ ಎಂಟರ್ ಹೊಡೆಯಬೇಡಿ, ಕಂಟ್ರೋಲ್ ಜೊತೆ ಒಂದೇ ಎಂಟರ್ ಸಾಕು. ಹೆಸರು, ವಯಸ್ಸು ಒಂದರ ಕೆಳಗೊಂದು ಸಮ ನಿಲ್ಲಬೇಕಾದರೆ ಟ್ಯಾಬ್ ಒತ್ತಿ. ಎರಡಕ್ಷರ ಹೊಡೆದರೆ 'ಹುಮನಾಬಾದ ತಾಲೂಕು, ಬೀದರ ಜಿಲ್ಲೆ' ಎಂದು ಪೂರ್ತಿ ಬರುವ ಹಾಗೆ ಆಟೋಕರೆಕ್ಟಿಗೆ ಒಮ್ಮೆ ಹೇಳಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ಹುಲಸೂರ ಹೊಸ ತಾಲೂಕಾದಾಗ ಅಲ್ಲಿನ ಹಳ್ಳಿಗಳ ಹಳೆಯ ಫೈಲುಗಳಲ್ಲಿ ಬಸವಕಲ್ಯಾಣ ತಾಲೂಕು ಎಂದಿದ್ದುದನ್ನು ರೀಪ್ಲೇಸ್ ಕೊಟ್ಟು ಕ್ಷಣದಲ್ಲಿ ಬದಲಿಸಿದ ಕಥೆಯನ್ನೂ ಜಂಬದಿಂದ ಹೇಳಿದೆ.

"ಓದಲಾರದ ಬದಲಿ ಮಾಡ್ತದೇನು?" ಎಂದರು ಅನುಮಾನದಿಂದ. ಮಾಡಿದ ತಪ್ಪನ್ನು ಕ್ಷಣದಲ್ಲಿ ಅಳಿಸುವ ಕಂಟ್ರೋಲ್ ಝಡ್ ತೋರಿಸಿದಾಗ ಮಾತ್ರ ನಕ್ಕರು. "ಮಾಫಿ ಇಷ್ಟು ಸಸ್ತಾ ಆಗೇದೇನು ಈಗ!"

ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಸುವುದು ಟೆಂಪ್ಲೇಟು ಎಂದೆ. ವಾರಸಾ ಅರ್ಜಿ, ಪಿಂಚಣಿ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ಎಲ್ಲವೂ ಅರ್ಧ ಮೊದಲೇ ಬರೆದಿಟ್ಟಿರುತ್ತವೆ. ಬಂದವರ ಹೆಸರು, ಊರು ತುಂಬಿ, ಅವರು ಹೇಳಿದ ಕಾರಣವನ್ನು ಹೊಡೆದು ಪ್ರಿಂಟು ಕೊಟ್ಟರಾಯಿತು. ಒಂದೇ ಒಂದು ಅಭ್ಯಾಸವನ್ನು ಅವರು ಬಿಡಬೇಕಿತ್ತು. ಅರ್ಜಿ ಹೊಡೆದ ಮೇಲೆ ಮಾಸ್ತರು ಅದನ್ನು ಮೊದಲಿನಿಂದ ಕೊನೆಯತನಕ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಬಂದವರು ಹೌದು ಎಂದ ಮೇಲೆಯೇ ಹೆಬ್ಬೆಟ್ಟು. ಅಲ್ಲ ಎಂದರೆ ಇಡೀ ಹಾಳೆ ಮತ್ತೆ. ಅಷ್ಟರಲ್ಲಿ ನಾನು ನಾಲ್ಕು ಮಂದಿಯನ್ನು ಕಳಿಸಿರುತ್ತಿದ್ದೆ. "ಅದೊಂದು ಬಿಡ್ರಿ, ಅರ್ಧಾ ದಿನ ಉಳೀತದ," ಎಂದೆ. ಅವರು ತೆರೆಯ ಮೇಲಿದ್ದ ಅರ್ಜಿಯನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು.

ತಿಂಗಳು ಮುಗಿಯುತ್ತ ಬಂತು. ಅವರ ಕೈ ಕೇಳಲಿಲ್ಲ. ನಲವತ್ತು ವರ್ಷ ಗಂಟೆಯ ಸದ್ದಿಗೆ ಓಡಿದ ಕೈ ಅದು. ಒಂದು ಅರ್ಜಿ ಮುಗಿಸಲು ಬಸವಕಲ್ಯಾಣದಿಂದ ಹುಮನಾಬಾದಿನ ದಾರಿ ಸಾಲದಾಯಿತು. ಕೊನೆಯ ದಿನ ಲ್ಯಾಪ್‌ಟಾಪನ್ನು ಮಡಚಿ ನನ್ನ ಕೈಗಿಟ್ಟು, "ನಾಳೆ ಮೇಜು ಒಯ್ಯಾಕ ಬರ್ತೇನಿ. ನೀ ಬೇಜಾರ ಮಾಡ್ಕೋಬ್ಯಾಡ," ಎಂದರು. ನನಗೆ ಸಿಟ್ಟು ಬಂತು. ಸೂಚನೆ ಅಂಟಿಸಿದವರ ಮೇಲೆ, ಎಂಟರ್ ಒತ್ತುವ ಅವರ ಬೆರಳಿನ ಮೇಲೆ, ಕಲಿಸಲು ಬಾರದ ನನ್ನ ಮೇಲೆ. ಇಳಿಯುವಾಗ ಅವರ ಮುಖ ನೋಡಲಿಲ್ಲ.

ಹೊಸ ತಿಂಗಳ ಮೊದಲ ದಿನ ನನ್ನ ಅಂಗಡಿ ಗಿಜಿಗುಟ್ಟಿತು. ರಸ್ತೆಯಾಚೆ ಮಾಸ್ತರು ಟೈಪ್‌ರೈಟರನ್ನು ಬಟ್ಟೆಯಲ್ಲಿ ಸುತ್ತಿ, ಮೇಜಿಗೆ ಹಗ್ಗ ಬಿಗಿದು, ಟಂಟಂ ಗಾಡಿಗಾಗಿ ಕಾಯುತ್ತಿದ್ದರು. ಹುಡಗಿ ಎಂಬ ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳು ಕಣ್ಣಿಲ್ಲದ ತನ್ನ ಗಂಡನನ್ನು ಆ ಬೇವಿನ ನೆರಳಿಗೆ ಕೂರಿಸಿ ನನ್ನ ಹತ್ತಿರ ಬಂದಳು. ಗಂಡನಿಗೆ ಪಿಂಚಣಿ ಬೇಕಿತ್ತು. ಟೆಂಪ್ಲೇಟು ತೆರೆದೆ, ಅವಳು ಹೇಳುತ್ತ ಹೋದಳು, ನನ್ನ ಬೆರಳು ಓಡಿದವು. ಅವಳು ಹೇಳುತ್ತಿರುವಾಗಲೇ ಮುಂದಿನವನ ಆಧಾರ್ ಕಾರ್ಡು ಸ್ಕ್ಯಾನಿಗೂ ಹಾಕಿದೆ. ಪ್ರಿಂಟು ಕೊಟ್ಟು "ಕಚೇರಿ ಈ ಕಡಿ ಅದ ನೋಡವ್ವಾ" ಎಂದರೆ, ಅವಳು ರಸ್ತೆ ದಾಟತೊಡಗಿದಳು.

"ಅಲ್ಲೆಲ್ಲಿಗೆ?"

"ಮಾಸ್ತರ ಕಡಿಂದ ಓದಿಸ್ಕೊಂಡು ಬರ್ತೇನವ್ವಾ. ಕೇಳದ ಹ್ಯಾಂಗ ಹೆಬ್ಬಟ್ಟ ಒತ್ತಲಿ?"

ಮಾಸ್ತರು ಹಗ್ಗ ಬಿಗಿದ ಮೇಜಿನ ಮೇಲೆಯೇ ಹಾಳೆ ಇಟ್ಟುಕೊಂಡು ಓದಲು ಸುರು ಮಾಡಿದ್ದು ನನಗೆ ಕಾಣುತ್ತಿತ್ತು. ದನಿಯೂ ಕೇಳುತ್ತಿತ್ತು. "ನನ್ನ ಪತಿ ದಿವಂಗತ..." ಎಂದವರು ಗಕ್ಕನೆ ನಿಂತರು.

ಗಿಡದ ಬುಡದಿಂದ ಗಂಡ ಕೂಗಿದ. "ಮಾಸ್ತರ್ರ, ನಾ ಯಾವಾಗ ಸತ್ತೆ?"

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಓಡಿದೆ. ವಿಧವೆಯರ ಪಿಂಚಣಿಯ ಟೆಂಪ್ಲೇಟಿನಲ್ಲಿ ಅವನ ಹೆಸರು ತುಂಬಿಬಿಟ್ಟಿದ್ದೆ. "ಕೊಡ್ರಿ, ಒಂದು ಮಿನಿಟ್ನಾಗ ತೆಗೀತೇನಿ," ಎಂದು ಹಾಳೆಗೆ ಕೈ ಹಾಕಿದೆ. ಮಾಸ್ತರು ಬಿಡಲಿಲ್ಲ.

"ಕುಂದ್ರು. ಇನ್ನಾ ಮುಗಿದಿಲ್ಲ."

ಕೂತೆ. ಅವರು ಓದಿದರು. "ನನ್ನ ಗಂಡನಿಗೆ ಎರಡೂ ಕಣ್ಣು ಕಾಣುವುದಿಲ್ಲ. ನಮಗೆ ಮಕ್ಕಳಿಲ್ಲ. ನಾನು ಕೂಲಿಗೆ ಹೋದಾಗ ಅವರು ಬಾವಿಯ ಕಡೆಗೆ ನಡೆದು ಹೋದಾರೆಂಬ ಭಯದಿಂದ, ಅವರಿಗೆ ತಿಳಿಯದಂತೆ ಹೊರಗಿನಿಂದ ಕೊಂಡಿ ಹಾಕಿ ಹೋಗುತ್ತೇನೆ. ದಿನವೆಲ್ಲ ಹೊಲದಲ್ಲಿ ನನಗೆ ಅದೇ ಚಿಂತೆ."

ಆ ಸಾಲುಗಳನ್ನು ಹತ್ತು ನಿಮಿಷದ ಹಿಂದೆ ನಾನೇ ಹೊಡೆದಿದ್ದೆ. ಒಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಗಂಡನ ಕಡೆ ನೋಡಲಾರದೆ, "ಆ ಕೊಂಡಿ ಮಾತು ತೆಗೀರಿ ಮಾಸ್ತರ್ರ. ಅವರಿಗಿ ಗೊತ್ತಿದ್ದಿಲ್ಲ," ಎಂದಳು.

"ಇರಲಿ ಬಿಡು," ಎಂದ ಗಂಡ, ದನಿ ಬಂದ ಕಡೆ ಮುಖ ಮಾಡಿ. "ಕೊಂಡಿ ಸಪ್ಪಳ ದಿನಾ ಕೇಳ್ತೇನಿ ನಾ. ನೀ ಮಧ್ಯಾಹ್ನ ಮನಿಗಿ ಓಡಿ ಬಂದು, ಬಾಗಲಿಗಿ ಕಿವಿ ಹಚ್ಚಿ ನಿಂತು ಹೋಗ್ತಿಯಲ್ಲ, ಅದೂ ಕೇಳ್ತೇನಿ. ಅದನ್ನೂ ಬರೀರಿ ಮಾಸ್ತರ್ರ."

ಮಾಸ್ತರು ಪೆನ್ನು ತೆಗೆದು ಅಂಚಿನಲ್ಲಿ ಬರೆದುಕೊಂಡರು. ದಿವಂಗತ ಎಂಬುದಕ್ಕೆ ಒಂದು ಗೆರೆ ಎಳೆದರು. ಆಮೇಲೆ ಹಾಳೆಯನ್ನು ನನಗೆ ಕೊಟ್ಟು, "ಹೋಗು, ಜಲ್ದಿ ಹೊಡಕೊಂಡು ಬಾ. ಮತ್ತ ಓದಬೇಕು," ಎಂದರು.

ಟಂಟಂ ಬಂದು ಹಾರ್ನ್ ಹೊಡೆಯುತ್ತಿತ್ತು. ನಾನು ಮೊದಲು ಮೇಜಿನ ಹಗ್ಗ ಬಿಚ್ಚಿದೆ, ಆಮೇಲೆ ಅಂಗಡಿಗೆ ಹೋದೆ.